ಮುದ್ದಣನ ಮುಖವಾಡ

ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಬೇರೆಯವರ ಕೃತಿಯನ್ನು ತನ್ನದೆಂದವರು ಇರಬಹುದು. ತಾನೇ ಬರೆದದ್ದನ್ನು ತನ್ನದಲ್ಲ ಎಂದು ಹೇಳಿ ಕಳಿಸಿದವನ ಕತೆ ಅದಕ್ಕಿಂತ ವಿಚಿತ್ರ. ನಂದಳಿಕೆ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಅಂಥವನು.

ಹುಟ್ಟಿದ್ದು 1870ರಲ್ಲಿ, ಕಾರ್ಕಳದ ಹತ್ತಿರದ ನಂದಳಿಕೆಯಲ್ಲಿ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟರಾಗಿದ್ದು, ಆಮೇಲೆ ಕನ್ನಡ ಪಂಡಿತನಾದ. ಯಕ್ಷಗಾನ ಪ್ರಸಂಗಗಳನ್ನು ಬರೆದ. ಅಷ್ಟರಲ್ಲೇ ಇದ್ದಿದ್ದರೆ ಕರಾವಳಿಯ ಮೇಳಗಳವರಿಗೆ ಮಾತ್ರ ಗೊತ್ತಿರುವ ಕವಿಯಾಗಿ ಉಳಿಯುತ್ತಿದ್ದನೇನೋ. ಆದರೆ ಅವನಿಗೆ ಮೈಸೂರಿನ ವಿದ್ವಾಂಸರ ಸಾಲಿನಲ್ಲಿ ಜಾಗ ಬೇಕಿತ್ತು.

ಆ ಕಾಲದ ಹವೆಯನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಓಲೆಗರಿಯಲ್ಲಿದ್ದ ಹಳಗನ್ನಡ ಕಾವ್ಯಗಳು ಒಂದೊಂದಾಗಿ ಅಚ್ಚಿಗೆ ಬರುತ್ತಿದ್ದವು. ಕಿಟ್ಟೆಲ್ಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಕೆ. ಬಿ. ಪಾಠಕರು ‘ಕವಿರಾಜಮಾರ್ಗ’ವನ್ನು ಪ್ರಕಟಿಸಿದ್ದು 1898ರಲ್ಲಿ. ಮೈಸೂರಿನಲ್ಲಿ ಎಸ್. ಜಿ. ನರಸಿಂಹಾಚಾರ್ಯರು, ಎಂ. ಎ. ರಾಮಾನುಜಯ್ಯಂಗಾರ್ಯರು ಪ್ರಾಚೀನ ಕಾವ್ಯಗಳನ್ನು ಶೋಧಿಸಿ ಮಾಲಿಕೆಯಾಗಿ ಹೊರತರುತ್ತಿದ್ದರು. ಹಳೆಯದಕ್ಕೆ ಬೆಲೆ ಇತ್ತು. ದಕ್ಷಿಣ ಕನ್ನಡವೋ ಆಗ ಮದ್ರಾಸ್ ಪ್ರಾಂತ್ಯದ ಒಂದು ಜಿಲ್ಲೆ. ಬೇರೆ ಆಡಳಿತದ ಕೆಳಗಿನ ಒಬ್ಬ ಶಾಲಾ ಮೇಷ್ಟರು ಈಗಷ್ಟೇ ಬರೆದ ಪುಸ್ತಕವನ್ನು ಅಲ್ಲಿ ಯಾರು ತೆರೆದು ನೋಡುತ್ತಾರೆ?

ಹೀಗಾಗಿ ಅವನು ಹಳಬನಾದ. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀ ರಾಮಾಶ್ವಮೇಧ’ಗಳನ್ನು ಹಳಗನ್ನಡದ ಶೈಲಿಯಲ್ಲಿ ಬರೆದು, ಯಾವುದೋ ಕಾಲದ ಕೃತಿಗಳೆಂಬಂತೆ ಮೈಸೂರಿಗೆ ಕಳಿಸಿದ. ಪಂಡಿತರು ಒಪ್ಪಿದರು, ಅಚ್ಚು ಮಾಡಿದರು. ಇಂಗ್ಲೆಂಡಿನಲ್ಲಿ ಹದಿಹರೆಯದ ಥಾಮಸ್ ಚಾಟರ್‌ಟನ್ ಹದಿನೈದನೆಯ ಶತಮಾನದ ಪಾದ್ರಿಯೊಬ್ಬನ ಹೆಸರಿನಲ್ಲಿ ಪದ್ಯ ಕಟ್ಟಿ 1770ರಲ್ಲಿ ದುರಂತ ಕಂಡದ್ದನ್ನು ಇದರ ಜೊತೆ ಇಟ್ಟು ನೋಡುವವರಿದ್ದಾರೆ. ನನಗೆ ಆ ಹೋಲಿಕೆ ಅರ್ಧದವರೆಗೆ ಮಾತ್ರ ಸರಿ ಅನ್ನಿಸುತ್ತದೆ. ಮುದ್ದಣ ತನ್ನ ಗುರುತನ್ನು ಪೂರ್ತಿ ಅಳಿಸಲೇ ಇಲ್ಲ. ‘ಶ್ರೀರಾಮ ಪಟ್ಟಾಭಿಷೇಕ’ವನ್ನು ಮಹಾಲಕ್ಷ್ಮಿ ಎಂಬಾಕೆಯ ಹೆಸರಿಗೆ ಹಚ್ಚಿದ, ಅದು ಅವನ ತಾಯಿಯ ಹೆಸರು. ‘ರಾಮಾಶ್ವಮೇಧ’ದ ಕವಿ ‘ಮುದ್ದಣ’; ಅದು ಅವನನ್ನು ಮನೆಯಲ್ಲಿ ಮುದ್ದಿನಿಂದ ಕರೆಯುತ್ತಿದ್ದ ಹೆಸರು. ಅಡಗಿಕೊಳ್ಳಬೇಕಾದವನು ಮನೆಯ ಬಾಗಿಲ ಹಿಂದೆಯೇ ನಿಂತಿದ್ದ.

ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಬಂದು ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆಯುತ್ತಿರುವ ನನಗೆ ಈ ಆಟ ಅಷ್ಟೇನೂ ದೂರದ್ದಲ್ಲ. ಸೆಮಿನಾರಿನಲ್ಲಿ ನಾವು ಆಡುವ ಕನ್ನಡ ಬೇರೆ, ಊರಿಗೆ ಫೋನ್ ಮಾಡಿದಾಗ ಬಾಯಿಗೆ ಬರುವ ಕನ್ನಡ ಬೇರೆ. ‘ಸಂಕಥನ’, ‘ಅಸ್ಮಿತೆ’ ಎಂಬ ಪದಗಳಿಲ್ಲದೆ ಪುಟ ತುಂಬಿದರೆ ಓದುವವರು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕು ನನ್ನ ಓರಗೆಯವರಲ್ಲಿ ಬಹಳ ಜನಕ್ಕೆ ಇದೆ. ಇದನ್ನು ಸುಳ್ಳು ಅನ್ನಲಾರೆ. ಒಳಗೆ ಬಿಟ್ಟುಕೊಳ್ಳಲಿ ಎಂದು ಹಾಕಿಕೊಂಡ ಅಂಗಿ ಅದು.

ಮುದ್ದಣ ಅಂಗಿ ಹಾಕಿಕೊಂಡೇ ಏನು ಮಾಡಿದ ಎಂಬುದು ಮುಖ್ಯ. ‘ರಾಮಾಶ್ವಮೇಧ’ದ ಕಥಾವಸ್ತು ರಾಮನ ಅಶ್ವಮೇಧ ಯಾಗ, ಕುದುರೆ, ಯುದ್ಧಗಳು. ಆದರೆ ಕತೆ ಶುರುವಾಗುವುದು ಮಳೆಗಾಲದ ಒಂದು ದಿನ, ಮನೆಯಲ್ಲಿ. ಹೊರಗಿನಿಂದ ಬಂದ ಗಂಡನನ್ನು ಮನೋರಮೆ ಉಪಚರಿಸಿ, ಹೊತ್ತು ಕಳೆಯಲು ಕತೆ ಹೇಳು ಅನ್ನುತ್ತಾಳೆ. ಪದ್ಯ ಬೇಡ, ಗದ್ಯವೇ ಇರಲಿ ಅನ್ನುತ್ತಾಳೆ. ಅವನು ಉದ್ದುದ್ದ ಸಂಸ್ಕೃತ ಸಮಾಸಗಳಲ್ಲಿ ಆರಂಭಿಸಿದರೆ ಅವಳು ತಡೆದು, ಅರ್ಥವಾಗುವ ಕನ್ನಡದಲ್ಲಿ ಹೇಳು ಎಂದು ಕಾಡುತ್ತಾಳೆ. ಆಮೇಲೂ ನಡುನಡುವೆ ಬಾಯಿ ಹಾಕುತ್ತಾಳೆ, ಕೀಟಲೆ ಮಾಡುತ್ತಾಳೆ, ತಪ್ಪು ಹಿಡಿಯುತ್ತಾಳೆ. ಪ್ರಾಚೀನ ಕವಿಯೊಬ್ಬ ಹೆಂಡತಿಯ ಜೊತೆ ಹೀಗೆ ಹರಟೆ ಹೊಡೆಯುತ್ತಾ ಕಾವ್ಯ ಹೇಳಿದ್ದನ್ನು ಯಾರು ಕಂಡಿದ್ದರು? ವ್ಯಾಕರಣ ಹಳೆಯದು, ದನಿ ಮಾತ್ರ ಹೊಚ್ಚ ಹೊಸದು. ಇನ್ನೂ ತಮಾಷೆಯೆಂದರೆ, ಪಂಡಿತರು ಮೆಚ್ಚಲಿ ಎಂದು ಕಟ್ಟಿದ ಪುಸ್ತಕದ ಒಳಗೇ ಪಾಂಡಿತ್ಯವನ್ನು ಗೇಲಿ ಮಾಡುವ ಓದುಗಳೊಬ್ಬಳನ್ನು ಅವನು ಕೂರಿಸಿದ್ದಾನೆ.

ಇಂದು ‘ರಾಮಾಶ್ವಮೇಧ’ದ ಯುದ್ಧಪ್ರಸಂಗಗಳನ್ನು ಪರೀಕ್ಷೆಗೆ ಬಿಟ್ಟು ಓದುವವರು ವಿರಳ. ಮುದ್ದಣ–ಮನೋರಮೆಯರ ಸಲ್ಲಾಪ ಮಾತ್ರ ಶಾಲೆಯಲ್ಲಿ ಓದಿದವರ ನೆನಪಿನಲ್ಲೂ ಇದೆ. ಮುಖವಾಡ ಸಡಿಲಾದ ಕಡೆಯೇ ಜೀವ ಇರುವುದು.

ಹಾಗೆಂದು ಮುಖವಾಡ ಬೇಡವಾಗಿತ್ತು ಅನ್ನುವುದು ಸುಲಭದ ಮಾತು. ಅದೇ ಜಿಲ್ಲೆಯ ಗುಲ್ವಾಡಿ ವೆಂಕಟರಾಯರು 1899ರಲ್ಲಿ ‘ಇಂದಿರಾಬಾಯಿ’ ಕಾದಂಬರಿಯನ್ನು ತಮ್ಮ ಹೆಸರಿನಲ್ಲೇ ಪ್ರಕಟಿಸಿದರು, ವಿಧವಾ ವಿವಾಹದ ವಿಷಯವನ್ನೇ ಎತ್ತಿಕೊಂಡರು. ಅವರದು ಬೇರೆ ದಾರಿ, ಬೇರೆ ಓದುಗರು. ಮುದ್ದಣನಿಗೆ ಬೇಕಾಗಿದ್ದದ್ದು ಹಳಗನ್ನಡದ ಮನೆಯೇ. ಆ ಭಾಷೆಯ ಮೇಲೆ ಅವನಿಗಿದ್ದ ಪ್ರೀತಿ ನಟನೆಯಲ್ಲ. ಪ್ರೀತಿ ಇಲ್ಲದೆ ಅಷ್ಟು ಪುಟ ಬರೆಯಲು ಯಾರಿಗೂ ಸಾಧ್ಯವಿಲ್ಲ. ಸೇರಿಕೊಳ್ಳುವ ಆಸೆ, ತನ್ನತನ ಎರಡೂ ಅವನಲ್ಲಿ ಒಂದೇ ಹುರಿಯ ಎಳೆಗಳು. ಯಾವುದನ್ನು ಎಳೆದು ಬೇರೆ ಮಾಡುವುದು?

ಬೆಲೆ ತೆತ್ತದ್ದು ಮಾತ್ರ ನಿಜ. ಕ್ಷಯರೋಗದಿಂದ 1901ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವನಿಗೆ 31 ವರ್ಷ. ಪುಸ್ತಕ ಮೆಚ್ಚಿದವರು ಬರೆದವನನ್ನು ಮೆಚ್ಚಲಾಗಲಿಲ್ಲ, ಅವನೇ ಅದಕ್ಕೆ ಅಡ್ಡ ನಿಂತಿದ್ದ. ಆ ಪ್ರಾಚೀನ ಕವಿ ಉಡುಪಿಯ ಮೇಷ್ಟರೇ ಎಂಬುದು ವಿದ್ವತ್ ವಲಯದಲ್ಲಿ ನೆಲೆಗೊಂಡದ್ದು ಅವನು ಹೋದ ಎಷ್ಟೋ ವರ್ಷಗಳ ನಂತರ. ಲಕ್ಷ್ಮೀನಾರಣಪ್ಪ ಎಂಬ ಹೆಸರು ಈಗ ಪಠ್ಯಪುಸ್ತಕದ ಕವಿಪರಿಚಯದಲ್ಲಿ ಒಂದು ಸಾಲು. ಪಾಠದ ತಲೆಯ ಮೇಲೆ ಇರುವುದು ಮನೆಯವರು ಕರೆಯುತ್ತಿದ್ದ ಹೆಸರು.