ಡಯಲ್ ಮೇಲಿನ ಅಕ್ಷರಗಳ ಜಗಳ

ಕ್ಯಾಮೆರಾ ತಲೆ ಮೇಲೆ ಎಂ, ಎ, ಎಸ್, ಪಿ ಅಂತ ಒಂದು ಡಯಲ್ ಇರುತ್ತಲ್ಲ, ಅದನ್ನ ನಾನು ಹಳೇ ಜಗಳವೊಂದರ ದಾಖಲೆ ಅಂತಲೇ ನೋಡ್ತೀನಿ. ಒಳಗೆ ಎಷ್ಟು ಬೆಳಕು ಬರಬೇಕು ಅಂತ ತೀರ್ಮಾನಿಸೋರು ಯಾರು, ಮನುಷ್ಯನಾ ಯಂತ್ರನಾ?

1938ರಲ್ಲಿ ಕೊಡಾಕ್ ಕಂಪನಿ ಸೂಪರ್ ಸಿಕ್ಸ್-20 ತಂತು. ಶಟರ್ ವೇಗ ನೀವು ಇಟ್ಟರೆ ಸಾಕು. ಸೆಲೆನಿಯಂ ಕೋಶ ಬೆಳಕು ಅಳೆದು, ಲೆನ್ಸಿನ ಕಿಂಡಿ, ಅಂದ್ರೆ ಅಪರ್ಚರ್, ತಾನೇ ಹೊಂದಿಕೊಳ್ತಿತ್ತು. ಬೆಲೆ 225 ಡಾಲರ್. ಆ ಕಾಲದಲ್ಲಿ ಯಾರು ಕೊಳ್ತಾರೆ ಹೇಳಿ!

ನಿಜವಾದ ಪೈಪೋಟಿ ಕಾವೇರಿದ್ದು ಎಪ್ಪತ್ತರ ದಶಕದ ಜಪಾನಿನಲ್ಲಿ. 1971ರಲ್ಲಿ ಪೆಂಟಾಕ್ಸ್, ಕಿಂಡಿ ನೀವು ಆರಿಸಿ, ವೇಗ ನಾನು ನೋಡ್ಕೋತೀನಿ ಅಂತು. 1976ರ ಕ್ಯಾನನ್ ಎಇ-1 ಉಲ್ಟಾ: ವೇಗ ನಿಮ್ಮದು, ಕಿಂಡಿ ನಂದು. ಇದು ಬರೀ ಸಿದ್ಧಾಂತ ಅಲ್ಲ. ಕಿಂಡಿಯನ್ನ ಕ್ಯಾಮೆರಾನೇ ಆಡಿಸಬೇಕಂದ್ರೆ ಲೆನ್ಸಿಗೂ ಬಾಡಿಗೂ ನಡುವೆ ಅದಕ್ಕೆ ತಕ್ಕ ಜೋಡಣೆ ಬೇಕು. ಕ್ಯಾನನ್‌ನ ಎಫ್‌ಡಿ ಲೆನ್ಸುಗಳಲ್ಲಿ ಅದಿತ್ತು. (ಅವರು ಇವತ್ತಿಗೂ ಎಸ್ ಬದಲು ಟಿವಿ ಅಂತ ಬರೀತಾರೆ. ಟೈಮ್ ವ್ಯಾಲ್ಯೂ ಅಂತ, ಟೆಲಿವಿಷನ್ ಅಲ್ಲ.) 1977ರಲ್ಲಿ ಮಿನೋಲ್ಟಾ ಎಕ್ಸ್‌ಡಿ ಎರಡೂ ಮೋಡ್ ಕೊಡ್ತು. ಮರುವರ್ಷ ಕ್ಯಾನನ್ ಎ-1ರಲ್ಲಿ ಪ್ರೋಗ್ರಾಂ ಮೋಡ್ ಬಂತು: ಎರಡೂ ನಂದೇ, ನೀವು ಬಟನ್ ಒತ್ತಿ.

ನಿಮ್ಮ ಫೋನಿನ ಆಟೋ ಅದರ ಮೊಮ್ಮಗ. ಪ್ರೊ ಮೋಡ್ ತೆರೆದರೂ ಹೆಚ್ಚಿನ ಫೋನುಗಳಲ್ಲಿ ಕಿಂಡಿ ಬದಲಾಗಲ್ಲ, ಹಿಡಿತ ಇರೋದು ಮುಖ್ಯವಾಗಿ ವೇಗ, ಐಎಸ್‌ಒ ಮೇಲೆ. ಕಬಡ್ಡಿ ರೈಡರ್ ಕಾಲು ಮಸುಕಾಗಬಾರದಾ, 1/500 ಇಡಿ. ಜಲಪಾತ ಹಾಲಿನ ಹಾಗೆ ಇಳೀಬೇಕಾ, ಸ್ಟ್ಯಾಂಡಿಗೆ ಹಾಕಿ ಅರ್ಧ ಸೆಕೆಂಡು ಕೊಡಿ, ಅದೂ ಸೂರ್ಯ ಮುಳುಗಿದ ಮೇಲೆ. ಹಗಲಿನ ಬೆಳಕು ತಡೆಯೋಕೆ ಕಿರಿದಾಗೋ ಕಿಂಡಿ ಫೋನಲ್ಲಿ ಇಲ್ಲವಲ್ಲ.