ಮಾನ ಯಾರದು? ಸಿಂಗಪುರದ ವಿಶ್ವವಿದ್ಯಾಲಯಗಳ ಒಂದು ಇತಿಹಾಸ



ನಮ್ಮಲ್ಲಿ ಅನೇಕರ ಮಕ್ಕಳು ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದುತ್ತಿದ್ದಾರೆ. ಇನ್ನು ಕೆಲವರ ಮನೆಯಲ್ಲಿ ಹಾಸ್ಟೆಲ್ ಅರ್ಜಿ ತುಂಬುವ ಹೊತ್ತು. ವಿದ್ಯಾರ್ಥಿನಿಯರ ಮೇಲಿನ ಲೈಂಗಿಕ ದೌರ್ಜನ್ಯವನ್ನು ಈ ದೇಶ ಹೇಗೆ ನೋಡುತ್ತ ಬಂತು ಎಂಬ ಇತಿಹಾಸವನ್ನು ಇಂದು ಹೇಳಬಯಸುತ್ತೇನೆ. ಅದರಲ್ಲಿ ಭಾರತದ ಪಾಲೂ ಇದೆ.

ಆ ಪಾಲು ಮೆಕಾಲೆಯಿಂದ ಶುರುವಾಗುತ್ತದೆ. 1837ರಲ್ಲಿ ಅವನು ಸಿದ್ಧಪಡಿಸಿದ ಕರಡು 1860ರಲ್ಲಿ ಭಾರತೀಯ ದಂಡ ಸಂಹಿತೆಯಾಯಿತು. ಸ್ಟ್ರೈಟ್ಸ್ ಸೆಟಲ್‌ಮೆಂಟ್ಸ್ 1871ರಲ್ಲಿ ಅದನ್ನೇ ಮಾದರಿಯಾಗಿಟ್ಟುಕೊಂಡು ತನ್ನ ಸಂಹಿತೆ ಮಾಡಿಕೊಂಡಿತು. ಹೀಗಾಗಿ ಬೆಂಗಳೂರಿನ ಠಾಣೆಯಲ್ಲೂ ಸಿಂಗಪುರದ ಠಾಣೆಯಲ್ಲೂ ಬಹುಕಾಲ ಒಂದೇ ಸಂಖ್ಯೆಯ ಕಲಂ ಇತ್ತು: 509. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆ, ಅವಳ ಏಕಾಂತಕ್ಕೆ ನುಗ್ಗುವುದು, ಎಲ್ಲವೂ ಅದರಡಿ. ಬಚ್ಚಲುಮನೆಯಲ್ಲಿ ಕದ್ದು ವಿಡಿಯೊ ತೆಗೆದವನಿಗೂ ಅದೇ ಕಲಂ.

‘ಮಾನ’ ಎಂಬ ಪದದ ತೊಡಕನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ತಪ್ಪು ಮಾಡಿದವನು ಒಬ್ಬ, ಮಾನ ಹೋಗುವುದು ಇನ್ನೊಬ್ಬಳದು! ಮಾನದ ಪ್ರಶ್ನೆ ಎಂದ ಮೇಲೆ ‘ಬಾಯಿ ಬಿಡಬೇಡ’ ಎನ್ನುವುದೇ ಮನೆಯವರ ಮೊದಲ ಬುದ್ಧಿಮಾತು.

ಬಾಯಿ ಬಿಟ್ಟವಳು ಮೋನಿಕಾ ಬೇ. 2018ರ ನವೆಂಬರಿನಲ್ಲಿ, ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಯೂಸೋಫ್ ಹಾಲ್ ಹಾಸ್ಟೆಲಿನಲ್ಲಿ ಆಕೆ ಸ್ನಾನ ಮಾಡುತ್ತಿದ್ದಾಗ ಸಹಪಾಠಿಯೊಬ್ಬ ಚಿತ್ರೀಕರಿಸಿದ. ಪೊಲೀಸರು ಅವನಿಗೆ 12 ತಿಂಗಳ ಷರತ್ತಿನ ಎಚ್ಚರಿಕೆ ಕೊಟ್ಟರು. ವಿಶ್ವವಿದ್ಯಾಲಯ ಒಂದು ಸೆಮಿಸ್ಟರ್ ಅಮಾನತು ಮಾಡಿ, ಕ್ಷಮಾಪಣಾ ಪತ್ರ ಬರೆಸಿತು. ಅಷ್ಟೇ. 2019ರ ಏಪ್ರಿಲಿನಲ್ಲಿ ಆಕೆ ಇದನ್ನೆಲ್ಲ ಇನ್‌ಸ್ಟಾಗ್ರಾಮಿನಲ್ಲಿ ತನ್ನ ಹೆಸರಿನಲ್ಲೇ ಬರೆದಳು. ಮೊಕದ್ದಮೆ ಹೂಡಿದರೆ ಹುಡುಗನ ಭವಿಷ್ಯ ಹಾಳಾಗುತ್ತದೆ ಎಂಬುದು ಪೊಲೀಸರ ವಿವರಣೆಯಲ್ಲಿ ಒಂದು ಅಂಶ. ನಮ್ಮೂರಿನ ಪಂಚಾಯಿತಿ ಕಟ್ಟೆಯ ಮೇಲೆ ಕೇಳಿದ ಮಾತಿನ ಹಾಗಿಲ್ಲವೇ?

ಆ ಏಪ್ರಿಲಿನಲ್ಲಿ ವಿದ್ಯಾರ್ಥಿಗಳು ಸಭೆಯಲ್ಲಿ ಆಡಳಿತವನ್ನು ತರಾಟೆಗೆ ತೆಗೆದುಕೊಂಡರು, ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಶಿಕ್ಷಣ ಸಚಿವ ಓಂಗ್ ಯೆ ಕುಂಗ್ ಅವರೇ ಆ ಶಿಕ್ಷೆ ಸಾಲದೆಂದರು. ಹಿಂದಿನ ಮೂರು ಶೈಕ್ಷಣಿಕ ವರ್ಷಗಳಲ್ಲಿ ಆರು ವಿಶ್ವವಿದ್ಯಾಲಯಗಳ ಶಿಸ್ತು ಮಂಡಳಿಗಳ ಮುಂದೆ ಇಂಥ 56 ಪ್ರಕರಣಗಳು ಬಂದಿದ್ದವೆಂದು ಮೇ ತಿಂಗಳಲ್ಲಿ ಸಂಸತ್ತಿಗೆ ತಿಳಿಯಿತು. ಆಮೇಲೆ ಎನ್‌ಯುಎಸ್ ನಿಯಮ ಬಿಗಿಗೊಳಿಸಿತು: ಗಂಭೀರ ತಪ್ಪಿಗೆ ಕನಿಷ್ಠ ಒಂದು ವರ್ಷ ಅಮಾನತು, ಅತಿ ಘೋರವಾದದ್ದಕ್ಕೆ ಉಚ್ಚಾಟನೆ, ಅಂಕಪಟ್ಟಿಯಲ್ಲಿ ಅಮಾನತಿನ ಉಲ್ಲೇಖ. ನೊಂದವರ ಜೊತೆ ನಿಲ್ಲುವುದಕ್ಕೆಂದೇ ಒಂದು ಘಟಕವೂ ಅದೇ ವರ್ಷ ಶುರುವಾಯಿತು. ನನಗೆ ಶಿಕ್ಷೆಗಿಂತ ಈ ಘಟಕವೇ ದೊಡ್ಡದು. ಅದುವರೆಗೆ ದೂರು ಕೊಟ್ಟವಳು ಕಚೇರಿಯಿಂದ ಕಚೇರಿಗೆ ಒಬ್ಬಳೇ ಅಲೆಯಬೇಕಿತ್ತು.

ಕದ್ದು ಚಿತ್ರ ತೆಗೆಯುವುದನ್ನೇ ಪ್ರತ್ಯೇಕ ಅಪರಾಧವಾಗಿಸುವ ಮಸೂದೆ ಮೋನಿಕಾ ಬರೆಯುವ ಮೊದಲೇ ಸಂಸತ್ತಿನ ಮುಂದಿತ್ತು. ಅದು 2020ರ ಜನವರಿ 1ರಂದು ಜಾರಿಗೆ ಬಂತು: ಎರಡು ವರ್ಷದವರೆಗೆ ಜೈಲು, ದಂಡ, ಛಡಿಯೇಟು. ಹಳೆಯ 509 ಹೋಗಿ, ಅದರ ಜಾಗಕ್ಕೆ ಬಂದ ಕಲಮಿನಲ್ಲಿ ‘ಹೆಣ್ಣಿನ’ ಎಂಬಲ್ಲಿ ‘ಯಾವುದೇ ವ್ಯಕ್ತಿಯ’ ಎಂದಾಯಿತು. ‘ಮಾನ’ ಮಾತ್ರ ಉಳಿದುಕೊಂಡಿತು.

ಇದೇ ಅಪರಾಧವನ್ನು ಭಾರತ 354ಸಿ ಕಲಮಾಗಿ 2013ರಲ್ಲೇ ಬರೆದುಕೊಂಡಿತ್ತು. ಹಾಗೆ ಬರೆಯುವಂತೆ ಮಾಡಿದ ಸಾವು ಸಂಭವಿಸಿದ್ದು ಸಿಂಗಪುರದಲ್ಲೇ. ದಿಲ್ಲಿಯ ಬಸ್ಸಿನಲ್ಲಿ ಅತ್ಯಾಚಾರಕ್ಕೊಳಗಾದ 23 ವರ್ಷದ ಫಿಸಿಯೊಥೆರಪಿ ವಿದ್ಯಾರ್ಥಿನಿ 2012ರ ಡಿಸೆಂಬರ್ 29ರಂದು ಮೌಂಟ್ ಎಲಿಜಬೆತ್ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದಳು. ಆರ್ಚರ್ಡ್ ರಸ್ತೆಗೆ ಹೋದಾಗಲೆಲ್ಲ ನನಗೆ ಅವಳ ನೆನಪಾಗುತ್ತದೆ. ಭಾರತದ ಕಾಲೇಜುಗಳಿಗೆ ಯುಜಿಸಿಯ 2015ರ ನಿಯಮಗಳಿವೆ. ಅವುಗಳಂತೆ ಪ್ರತಿ ಸಂಸ್ಥೆಯಲ್ಲೂ ಆಂತರಿಕ ದೂರು ಸಮಿತಿ ಇರಬೇಕು. ವಿಷಯ ವಿದ್ಯಾರ್ಥಿಗಳದ್ದಾದರೆ ಅದರಲ್ಲಿ ವಿದ್ಯಾರ್ಥಿ ಪ್ರತಿನಿಧಿಗಳೂ ಕೂರಬೇಕು. ಮಕ್ಕಳನ್ನು ಮೈಸೂರಿಗೋ ಮಣಿಪಾಲಕ್ಕೋ ಕಳಿಸುವವರು ಆ ಸಮಿತಿಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ.

ಇಲ್ಲಿಯೂ ಎಲ್ಲ ಸರಿಹೋಗಿರಲಿಲ್ಲ. 2020ರ ಅಕ್ಟೋಬರಿನಲ್ಲಿ ಎನ್‌ಯುಎಸ್ ಒಬ್ಬ ಉಪನ್ಯಾಸಕನನ್ನು ವಜಾ ಮಾಡಿತು; ಮಾಹಿತಿಯನ್ನು ಇನ್ನಷ್ಟು ಮುಕ್ತವಾಗಿ ಹಂಚಿಕೊಳ್ಳಬಹುದಿತ್ತೆಂದು ತಾನೇ ಒಪ್ಪಿಕೊಂಡಿತು. ಮುಂದೆ ಆರು ತಿಂಗಳಿಗೊಮ್ಮೆ ಇಂಥ ಪ್ರಕರಣಗಳ ವರದಿ ಪ್ರಕಟಿಸತೊಡಗಿತು. ಅದರಲ್ಲಿ ದೂರು ಕೊಟ್ಟವರ ಹೆಸರಿರುವುದಿಲ್ಲ. ನಡೆದದ್ದೇನು, ಮಾಡಿದವನಿಗೆ ಏನಾಯಿತು ಎಂಬುದಿರುತ್ತದೆ.