ಎರಡು ದಡಗಳ ಸಂನ್ಯಾಸಿ: ಸ್ವಾಮಿ ರಾಮಾನಂದ ತೀರ್ಥರು

ಆಳಂದ ತಾಲ್ಲೂಕಿನ ನಿಂಬರ್ಗಾ ಗ್ರಾಮದ ಸುತ್ತಣ ಸೀಮೆಯಲ್ಲಿ ಸಂಚರಿಸುವವರಿಗೆ ಒಂದು ಸಂಗತಿ ಬೇಗನೆ ಗೋಚರವಾಗುವುದು. ಮನೆಯಲ್ಲಿ ಕನ್ನಡ, ಸೋಲಾಪುರದ ಪೇಟೆಯಲ್ಲಿ ಮರಾಠಿ, ಹಳೆಯ ಸರ್ಕಾರಿ ಕಾಗದಪತ್ರಗಳಲ್ಲಿ ಉರ್ದು. ಹೀಗೆ ಮೂರು ನುಡಿಗಳು ಇಲ್ಲಿನ ಬಾಳಿನಲ್ಲಿ ಹೆಣೆದುಕೊಂಡಿವೆ. ಆಳಂದ, ಅಫಜಲಪುರ, ಜೇವರ್ಗಿಗಳು 1948ರವರೆಗೆ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದುವು. ಭೀಮೆಯಾಚೆಯ ಸಿಂದಗಿ, ಇಂಡಿಗಳು ಬ್ರಿಟಿಷರ ಮುಂಬಯಿ ಪ್ರಾಂತದಲ್ಲಿದ್ದುವು. ನುಡಿ ಒಂದೇ, ನೆಂಟಸ್ತಿಕೆ ಒಂದೇ. ದೊರೆತನ ಮಾತ್ರ ಎರಡು. ಈ ಎರಡು ದಡಗಳಿಗೂ ಸೇರಿದ ಮಹನೀಯರೊಬ್ಬರ ಜೀವಿತವನ್ನು ಇಂದು ಸ್ಮರಿಸೋಣ.

ವೆಂಕಟೇಶ ಭಗವಾನರಾವ್ ಖೇಡಗೀಕರರು 1903ನೆಯ ಅಕ್ಟೋಬರ್ 3ರಂದು ಸಿಂದಗಿಯಲ್ಲಿ ಜನಿಸಿದರು. ಗುಲ್ಬರ್ಗ ಜಿಲ್ಲೆಯ ಚಿನಮಳ್ಳಿಯೊಡನೆ ಅವರ ಮನೆತನಕ್ಕೆ ಸಂಬಂಧವಿದ್ದಿತು. ಸೋಲಾಪುರದಲ್ಲಿ ಓದುತ್ತಿದ್ದಾಗ ಅಸಹಕಾರದ ಕರೆಗೆ ಓಗೊಟ್ಟು ಸರ್ಕಾರಿ ಶಾಲೆಯನ್ನು ತ್ಯಜಿಸಿದರು. ಮುಂದೆ ಕಾರ್ಮಿಕರ ಮುಖಂಡರಾದ ಎನ್. ಎಂ. ಜೋಶಿಯವರ ಬಳಿ ಕಾರ್ಯದರ್ಶಿಯಾಗಿ ದುಡಿದರು. ಅನಂತರ ಉಸ್ಮಾನಾಬಾದ್ ಜಿಲ್ಲೆಯ ಹಿಪ್ಪರಗಾ ಗ್ರಾಮದ ರಾಷ್ಟ್ರೀಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರಾದರು. ಅಲ್ಲಿರುವಾಗಲೇ ಸಂನ್ಯಾಸವನ್ನು ಸ್ವೀಕರಿಸಿ ರಾಮಾನಂದ ತೀರ್ಥರೆನಿಸಿದರು. ಕಾವಿಯನ್ನು ಉಟ್ಟವರು ಲೋಕವನ್ನು ಬಿಡುವುದು ವಾಡಿಕೆ. ಇವರು ಬಿಟ್ಟದ್ದು ಸ್ವಂತ ಸಂಸಾರವನ್ನು ಮಾತ್ರ.

ಆಗಿನ ಹೈದರಾಬಾದು ಸಂಸ್ಥಾನದಲ್ಲಿ ಹದಿನಾರು ಜಿಲ್ಲೆಗಳು: ತೆಲುಗಿನವು ಎಂಟು, ಮರಾಠಿಯವು ಐದು, ಕನ್ನಡದವು ಮೂರು. ಆದರೆ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ. ಉರ್ದು ಸೊಗಸಾದ ನುಡಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬಹುಸಂಖ್ಯಾತ ರೈತನಿಗೆ ತನ್ನ ಅಹವಾಲನ್ನು ತಾನೇ ಓದಿಕೊಳ್ಳಲಾಗದ ಸ್ಥಿತಿಯನ್ನು ನಾವು ನ್ಯಾಯವೆನ್ನಲಾರೆವು. ಮೊದಮೊದಲು ಮೂರು ಭಾಷೆಗಳ ಜನರೂ ತಮ್ಮ ತಮ್ಮ ಪರಿಷತ್ತುಗಳಲ್ಲಿ ಬೇರೆ ಬೇರೆಯಾಗಿ ಸೇರುತ್ತಿದ್ದರು. 1938ರಲ್ಲಿ ಇವರೆಲ್ಲರೂ ಕೂಡುವ ಸ್ಟೇಟ್ ಕಾಂಗ್ರೆಸ್ಸಿನ ಪ್ರಯತ್ನ ನಡೆಯಿತು. ಸಂಸ್ಥೆ ಕಣ್ಣು ತೆರೆಯುವ ಮುನ್ನವೇ ಸರ್ಕಾರವು ಅದನ್ನು ನಿಷೇಧಿಸಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಸ್ವಾಮಿಗಳು ಸೆರೆಮನೆ ಸೇರಿದರು. 1940ರಲ್ಲಿ, 1942ರಲ್ಲಿ ಮತ್ತೆ ಸೆರೆ. 1946ರಲ್ಲಿ ನಿಷೇಧ ತೆರವಾದ ಬಳಿಕ ಸಂಸ್ಥೆಯ ಅಧ್ಯಕ್ಷತೆ ಅವರಿಗೆ ಬಂದಿತು.

1947ರ ಆಗಸ್ಟ್ 7ರಂದು ಭಾರತದೊಡನೆ ಸೇರ್ಪಡೆಯಾಗಬೇಕೆಂಬ ಚಳವಳಿಯನ್ನು ಅವರು ಆರಂಭಿಸಿದರು. ದೇಶವೆಲ್ಲ ಸ್ವಾತಂತ್ರ್ಯದ ಹಬ್ಬವನ್ನಾಚರಿಸಿದ ಆ ತಿಂಗಳಲ್ಲಿಯೇ ಅವರ ಬಂಧನವಾಯಿತು. ನಡುವೆ ಅಲ್ಪಕಾಲ ಬಿಡುಗಡೆ ದೊರೆತರೂ, 1948ರ ಸೆಪ್ಟೆಂಬರ್ 17ರಂದು ನಿಜಾಮರ ಸರ್ಕಾರ ಶರಣಾಗುವವರೆಗೆ ಅವರ ಪಾಲಿಗೆ ಸೆರೆವಾಸವೇ ಉಳಿಯಿತು. ಅದಕ್ಕೆ ಮುನ್ನ ರಜಾಕಾರರ ಹಾವಳಿಯಿಂದ ಹಳ್ಳಿಗಳು ನಡುಗಿದ್ದುವು. ವಿಮೋಚನೆಯ ಬಳಿಕ ನಿರಪರಾಧಿಗಳಾದ ಮುಸಲ್ಮಾನ ಕುಟುಂಬಗಳೂ ಘೋರ ಸಂಕಟಕ್ಕೆ ಈಡಾದುವು. ಪಂಡಿತ ಸುಂದರಲಾಲರ ಸಮಿತಿಯು ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲ್ಬರ್ಗವನ್ನೂ ಎಣಿಸಿದೆ. ಒಂದನ್ನು ನೆನೆದು ಮತ್ತೊಂದನ್ನು ಮರೆಯುವುದು ಇತಿಹಾಸವಲ್ಲ.

1952ರ ಚುನಾವಣೆಯಲ್ಲಿ ಗುಲ್ಬರ್ಗದ ಮತದಾರರು ಸ್ವಾಮಿಗಳನ್ನು ಲೋಕಸಭೆಗೆ ಕಳುಹಿಸಿದರು. ಮಂತ್ರಿಪದವಿಯನ್ನು ಅವರು ವಹಿಸಲಿಲ್ಲ. ಅವರ ಮುಂದೆ ಇದ್ದುದು ಬೇರೊಂದು ಪ್ರಶ್ನೆ. ಹೈದರಾಬಾದು ಒಂದಾಗಿಯೇ ಇರಬೇಕೆ? ಹಲವು ಸಂಸ್ಕೃತಿಗಳ ಸಂಗಮವಾದ ಆ ರಾಜ್ಯವನ್ನು ಒಡೆಯಲು ಪ್ರಧಾನಿ ನೆಹರೂರವರ ಮನಸ್ಸು ಮೊದಲು ಒಪ್ಪಿರಲಿಲ್ಲ. ಸ್ವಾಮಿಗಳು ವಿಭಜನೆಯ ಪಕ್ಷವನ್ನೇ ಹಿಡಿದರು. ಯಾವ ರಾಜ್ಯದ ಬಿಡುಗಡೆಗಾಗಿ ಸೆರೆಯನ್ನು ಅನುಭವಿಸಿದ್ದರೋ, ಆ ರಾಜ್ಯದ ಹೆಸರೇ ಭೂಪಟದಿಂದ ಅಳಿಯಲೆಂದು ದುಡಿದರು. ಪ್ರಜೆಗಳ ಆಳ್ವಿಕೆ ಪ್ರಜೆಗಳ ಮಾತಿನಲ್ಲಿ ನಡೆಯಬೇಕಾದರೆ ಬೇರೆ ದಾರಿಯಿರಲಿಲ್ಲ. 1956ರ ನವೆಂಬರ್ 1ರಂದು ಆ ರಾಜ್ಯ ಮೂರಾಯಿತು. ಗುಲ್ಬರ್ಗ ಜಿಲ್ಲೆಯೂ ಭೀಮೆಯಾಚೆಯ ಬಿಜಾಪುರವೂ ವಿಶಾಲ ಮೈಸೂರಿನಲ್ಲಿ ಕೂಡಿದುವು.

ಇಲ್ಲಿ ದೂರದ ವೇಲ್ಸ್ ನಾಡಿನ ರಾಜಕಾರಣಿಯೊಬ್ಬರ ನೆನಪಾಗುತ್ತದೆ. ಲಾಯ್ಡ್ ಜಾರ್ಜರು ವೆಲ್ಷ್ ನುಡಿಯ ಮನೆಯಲ್ಲಿ ಬೆಳೆದವರು. ಯೌವನದಲ್ಲಿ ವೇಲ್ಸಿಗೆ ಸ್ವಯಮಾಡಳಿತ ಬೇಕೆಂದು ಹೋರಾಡಿದರು. 1896ರಲ್ಲಿ ಆ ಯತ್ನ ಮುರಿದುಬಿದ್ದಿತು. 1916ರಲ್ಲಿ ಅವರು ಬ್ರಿಟನ್ನಿನ ಪ್ರಧಾನಿಯಾದರೂ, ವೇಲ್ಸಿನ ಜನ ತಮ್ಮದೇ ಶಾಸನಸಭೆಯನ್ನು ಕಂಡದ್ದು 1999ರಲ್ಲಿ. ಒಬ್ಬರಿಗೆ ಅಧಿಕಾರ ದೊರೆಯಿತು, ಮೊದಲ ಬಯಕೆ ಉಳಿದುಹೋಯಿತು. ಇನ್ನೊಬ್ಬರು ಅಧಿಕಾರವನ್ನು ಹಿಡಿಯದೆಯೇ ಬಯಕೆಯನ್ನು ಕೈಗೂಡಿಸಿಕೊಂಡರು.

ಸ್ವಾಮಿಗಳು 1957ರಲ್ಲಿ ಔರಂಗಾಬಾದಿನಿಂದ ಲೋಕಸಭೆಗೆ ಆರಿಸಿಬಂದರು. 1972ರ ಜನವರಿ 22ರಂದು ದೇಹವನ್ನು ಬಿಟ್ಟರು. 1994ರಲ್ಲಿ ನಾಂದೇಡದಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಕ್ಕೆ ಅವರ ಹೆಸರನ್ನಿಡಲಾಯಿತು. ಮರಾಠಿಗರು ಅವರನ್ನು ತಮ್ಮವರೆನ್ನುತ್ತಾರೆ. ಅದು ಯುಕ್ತವೇ ಸರಿ. ಆದರೆ ಅವರು ಹುಟ್ಟಿದ್ದು ನಮ್ಮ ನೆಲದಲ್ಲಿ, ಮೊದಲು ಆರಿಸಿ ಕಳುಹಿಸಿದ್ದು ನಮ್ಮ ಜನ. ಕೂಡುಕುಟುಂಬವನ್ನು ಸಾಲದಿಂದ ಬಿಡಿಸಿ, ಮಕ್ಕಳಿಗೆ ಹಿಸ್ಸೆಯನ್ನು ಹಂಚಿಕೊಟ್ಟು, ತನಗೆಂದು ಏನನ್ನೂ ಇರಿಸಿಕೊಳ್ಳದ ಹಿರಿಯನನ್ನು ಯಾವ ಮಗ ತಾನೆ ಪರರವನೆಂದಾನು?